ನಮ್ಮ ಮೊದಲ ಪೋಸ್ಟುಗಳು: ಊಟದ ಹೊತ್ತಿನ ಒಂದು ಚರಿತ್ರೆ



ಉದ್ದದ ಪೋಸ್ಟು. ಬಿಡುವಾದಾಗ ಓದಿ, ಆದ್ರೆ ಪೂರ್ತಿ ಓದಿ. ನಡುವೆ ನನ್ನದೇ ಒಂದು ತಪ್ಪೊಪ್ಪಿಗೆ ಇದೆ.

ಮೊನ್ನೆ ಶುಕ್ರವಾರ ಮಂಡ್ಯದ ನಮ್ಮ ಆಫೀಸಿನಲ್ಲಿ ಸರ್ವರ್ ಡೌನ್. ಊಟ ಮುಗಿದ ಮೇಲೂ ಮಾಡೋಕೆ ಕೆಲಸ ಇರಲಿಲ್ಲ. ಮದ್ದೂರಿಂದ ದಿನಾ ರೈಲಲ್ಲಿ ಬರೋ ನಮ್ಮ ಡ್ರೈವರಣ್ಣನಿಗೆ ಫೇಸ್‌ಬುಕ್ಕು ಒಂದು ಹಳೇ ನೆನಪು ತೋರಿಸ್ತು. ಬೈಕಿಗೆ ಒರಗಿಕೊಂಡು, ಕೂಲಿಂಗ್ ಗ್ಲಾಸ್ ಹಾಕ್ಕೊಂಡು ನಿಂತಿರೋ ಫೋಟೋ. "ಬೈಕೂ ನಂದಲ್ಲ, ಗ್ಲಾಸೂ ನಂದಲ್ಲ, ಶರ್ಟೊಂದೇ ನಂದು ಕಣಪ್ಪ" ಅಂದ್ರು. ಎಲ್ಲರೂ ನಕ್ಕೆವು. ಹಂಗಾದ್ರೆ ಎಲ್ಲರ ಮೊದಲ ಪೋಸ್ಟು ಯಾವುದು ನೋಡೇಬುಡಾನ ಅಂತ ನಾಲ್ಕು ಜನ ಫೋನು ಹಿಡ್ಕೊಂಡು ಕೆಳಗೆ ಕೆಳಗೆ ಎಳೀತಾ ಹೋದ್ವಿ.

ಇದೇನು ಮಹಾ ಚರಿತ್ರೆ ಅಂತ ನಿಮಗೆ ಅನ್ನಿಸಬಹುದು. ರಾಜರ ಶಾಸನ ಚರಿತ್ರೆ ಆಗೋದಾದ್ರೆ ನಮ್ಮ ಪೋಸ್ಟು ಯಾಕೆ ಆಗಬಾರದು? ಕಲ್ಲು ಕೆತ್ತಿಸೋ ಶಕ್ತಿ ನಮ್ಮ ತಾತಂದಿರಿಗೆ ಇರಲಿಲ್ಲ, ಅಷ್ಟೇ.

ಸ್ವಲ್ಪ ಹಿಂದಕ್ಕೆ ಹೋಗೋಣ. 1920ರ ಜನವರಿ 31ರಂದು ಬಾಬಾಸಾಹೇಬರು ಮುಂಬೈಯಲ್ಲಿ 'ಮೂಕನಾಯಕ' ಶುರುಮಾಡಿದಾಗ ಅವರಿಗೆ 28 ವರ್ಷ. ಕೊಲ್ಲಾಪುರದ ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟರು. ಹೀಗೊಂದು ಪತ್ರಿಕೆ ಬರ್ತಾ ಇದೆ ಅನ್ನೋ ಜಾಹೀರಾತನ್ನ ದುಡ್ಡು ಕೊಡ್ತೀವಿ ಅಂದ್ರೂ 'ಕೇಸರಿ' ಪತ್ರಿಕೆ ಹಾಕಲಿಲ್ಲ. ಮಾತಾಡೋಕೆ ನಮಗೆ ಬಾಯಿ ಇತ್ತು, ಅವರ ಪುಟದಲ್ಲಿ ಜಾಗ ಇರಲಿಲ್ಲ. ಅದಕ್ಕೇ ಸ್ವಂತ ಪತ್ರಿಕೆ. ಮುಂದೆ 1927ರಲ್ಲಿ 'ಬಹಿಷ್ಕೃತ ಭಾರತ', 1930ರಲ್ಲಿ 'ಜನತಾ', 1956ರಲ್ಲಿ 'ಪ್ರಬುದ್ಧ ಭಾರತ'.

ನಮ್ಮಲ್ಲೂ ಹಂಗೇ. 1973ರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರ ಬೂಸಾ ಮಾತಿಗೆ ರಾಜ್ಯವೇ ಹೊತ್ತಿ ಉರೀತು. ಅವರು ಕುರ್ಚಿ ಬಿಡಬೇಕಾಯ್ತು. ಆ ಬೆಂಕಿಯಿಂದ ಎದ್ದು ಬಂದದ್ದು ದಲಿತ ಸಂಘರ್ಷ ಸಮಿತಿ, ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವ, ಮೈಸೂರು ಕಡೆಯಿಂದ ಬರ್ತಿದ್ದ 'ಪಂಚಮ' ಪತ್ರಿಕೆ. ಪತ್ರಿಕೆ ತಲುಪದ ಹಳ್ಳಿಗೆ ಹಾಡು ತಲುಪ್ತು, ಗೋಡೆ ಬರಹ ತಲುಪ್ತು. ಮಳವಳ್ಳಿ ಕಡೆಯ ನಮ್ಮ ಕೇರಿಯಲ್ಲಿ ನಮ್ಮ ದೊಡ್ಡಪ್ಪನ ಮಗ ರಾತ್ರಿ ಲಾಟೀನು ಹಿಡ್ಕೊಂಡು ನೀಲಿ ಬಣ್ಣದಲ್ಲಿ ಗೋಡೆ ಬರೀತಿದ್ದ. ಡಬ್ಬ ಹಿಡ್ಕೊಂಡು ನಿಂತಿರ್ತಿದ್ದವನು ನಾನು, ಎಂಟು ವರ್ಷದವನು. ಬೆಳಗ್ಗೆ ಎದ್ದು ನೋಡಿದ್ರೆ ಅಕ್ಷರದ ಮೇಲೆ ಸಗಣಿ ಬಳಿದಿರೋರು. ನಮ್ಮಣ್ಣ ಮತ್ತೆ ಬರೀತಿದ್ದ.

ಆಮೇಲೆ ಬಂತು ಇಂಟರ್ನೆಟ್ಟು. 2004ರಲ್ಲಿ ಆರ್ಕುಟ್, 2006ರ ಸೆಪ್ಟೆಂಬರಿನಲ್ಲಿ ಎಲ್ಲರಿಗೂ ತೆರೆದುಕೊಂಡ ಫೇಸ್‌ಬುಕ್. ಎಲ್ಲರಿಗೂ ಅಂದ್ರೆ ಎಲ್ಲರಿಗೂ ಅಲ್ಲ, ಕೈಲಿ ಫೋನು ಇದ್ದೋರಿಗೆ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ಮೊದಲು ಓಡಿದ್ದು ಕೋಲಾರದ ಚಿನ್ನದ ಗಣಿಗೆ. ಕೇರಿ ಮನೆಗೆ ಬಲ್ಬು ಬಂದದ್ದು ಯಾವಾಗ ಅಂತ ನಿಮ್ಮ ಅಜ್ಜಿಯನ್ನ ಕೇಳಿ. ನಮ್ಮ ಆಫೀಸಿನ ಮಳವಳ್ಳಿ ಅಕ್ಕ ಹೇಳೋದು ಇಷ್ಟೇ: "ನಾಲೆ ನೀರೂ ನಮ್ಮೂರಿಗೆ ಕೊನೇಲಿ, ನೆಟ್‌ವರ್ಕೂ ಕೊನೇಲಿ."

ಈ ಅಕ್ಕನ ಮೊದಲ ಪೋಸ್ಟು 2012ರ ಏಪ್ರಿಲ್ 14ರದ್ದು. ನೋಡಿದ್ರೆ ಒಂದಕ್ಷರ ಓದೋಕಾಗಲ್ಲ. ಇಂಗ್ಲಿಷ್ ಅಕ್ಷರ, ತಲೆ ಮೇಲೆ ಕೊಂಬು, ಚುಕ್ಕೆ, ಕೊಕ್ಕೆ. ಕೆಳಗೆ ಯಾರೋ "ಇದ್ಯಾವ ಭಾಷೆ?" ಅಂತ ಹಾಸ್ಯ ಮಾಡವ್ರೆ. ಆಗಿದ್ದಿಷ್ಟು. ಅಕ್ಕ ಆಫೀಸಿನ ಕಂಪ್ಯೂಟರಿನಲ್ಲಿ ನುಡಿಯಲ್ಲಿ ಟೈಪ್ ಮಾಡಿ ಹಂಗೇ ಫೇಸ್‌ಬುಕ್ಕಿಗೆ ಅಂಟಿಸಿದ್ರು. ಆ ಕಾಲದ ಫಾಂಟುಗಳಲ್ಲಿ ಒಳಗೆ ಇರ್ತಿದ್ದದ್ದು ಇಂಗ್ಲಿಷ್ ಸಂಕೇತ, ಮೇಲೆ ಕನ್ನಡದ ವೇಷ. ಆ ಫಾಂಟು ಇಲ್ಲದ ಕಡೆ ವೇಷ ಕಳಚಿ ಬೀಳ್ತಿತ್ತು. ಯೂನಿಕೋಡಿನಲ್ಲಿ ಒಂದೊಂದು ಕನ್ನಡ ಅಕ್ಷರಕ್ಕೂ ಅದರದ್ದೇ ನಂಬರು ಇದೆ, ಎಲ್ಲಿ ಹೋದ್ರೂ ಅದು ಅದೇ. ಅದು ನಮಗೆ ಗೊತ್ತಾಗೋ ಹೊತ್ತಿಗೆ ಎಷ್ಟು ಜನ ನಾಚಿಕೊಂಡು ಬರೆಯೋದನ್ನೇ ಬಿಟ್ಟುಬುಟ್ರೋ. ಈ ಅಕ್ಕನೂ ಆಮೇಲೆ ಮೂರು ವರ್ಷ ಒಂದು ಸಾಲೂ ಬರೆದಿಲ್ಲ.

ಮೂರನೆಯವನು ನಮ್ಮ ಸೆಕ್ಷನ್ನಿನ ಹುಡುಗ, ಒಕ್ಕಲಿಗರವನು, ಒಳ್ಳೆಯವನು. ಅವನ ಮೊದಲ ಪೋಸ್ಟು ಅವನೂರಿನ ಕೊಂಡದ ಹಬ್ಬದ ಫೋಟೋ. ದೇವರು, ಪೂಜಾರಿ, ಹೂವು, ಜನ. ತುಂಬಾ ಹೊತ್ತು ನೋಡ್ತಾ ಕುಂತಿದ್ದವನು ಫೋನು ನನ್ನ ಕೈಗೆ ಕೊಟ್ಟ. ಫೋಟೋದ ಎಡಗಡೆ ಅಂಚಿನಲ್ಲಿ ಅರ್ಧ ತಮಟೆ, ಒಂದು ಕೈ. ಮುಖ ಇಲ್ಲ. "ಅಣ್ಣ, ಅವತ್ತು ಇದು ನಂಗೆ ಕಾಣಿಸಿರಲೇ ಇಲ್ಲ" ಅಂದ. ಆ ಕೈ ಇಲ್ಲದೆ ಆ ಹಬ್ಬ ಶುರುವಾಗ್ತಿರಲಿಲ್ಲ. ನಾನು ಏನೂ ಹೇಳಲಿಲ್ಲ. ಅವನೇ ಹೇಳಿದನಲ್ಲ, ಅದು ಸಾಕು.

ಈಗ ನನ್ನ ಸರದಿ.

ನನ್ನ ಮೊದಲ ಪೋಸ್ಟು ಅಂದ್ರೆ ರೋಹಿತ್ ವೇಮುಲ ಬಗ್ಗೆ ಬರೆದದ್ದು ಅಂತ ನಾನು ಎಲ್ಲ ಸಭೆಗಳಲ್ಲೂ ಹೇಳ್ಕೊಂಡು ಬಂದಿದ್ದೀನಿ. ಅದನ್ನ ನಾನೇ ನಂಬಿಬಿಟ್ಟಿದ್ದೆ. 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ರೋಹಿತ್ ಹೋದರು. ಆ ಪತ್ರ ನಮ್ಮ ಫೋನಿಗೆ ಬಂತು, ಎರಡು ದಿನ ಬಿಟ್ಟು ನಾನು ನಾಲ್ಕು ಸಾಲು ಬರೆದೆ. ಅದು ನಿಜ. ಆದ್ರೆ ಮೊನ್ನೆ ಇನ್ನೂ ಕೆಳಗೆ ಎಳೆದಾಗ 2011ರದ್ದು ಒಂದು ಸಿಕ್ತು. ಮೀಸಲಾತಿಯಲ್ಲಿ ಓದಿದ ಡಾಕ್ಟರು ಆಪರೇಷನ್ ಮಾಡಿದ್ರೆ ಏನಾಗುತ್ತೆ ಅನ್ನೋ ಜೋಕು. ಯಾರದ್ದೋ ಜೋಕನ್ನ ನಾನು ಶೇರ್ ಮಾಡಿದ್ದೆ.

ಆ ಜೋಕು ಹಂಚಿದವನು ಅದೇ ಮೀಸಲಾತಿಯಲ್ಲಿ ಕೆಲಸಕ್ಕೆ ಸೇರಿದ ನಾನು. ಯಾಕೆ ಹಂಚಿದೆ ಅಂತ ನಂಗೆ ಚೆನ್ನಾಗಿ ನೆನಪಿದೆ. ಆಗ ನಾನಿದ್ದ ಕಡೆ ಜೊತೆಯವರಿಗೆ ನನ್ನ ಜಾತಿ ಗೊತ್ತಿರಲಿಲ್ಲ. ಅವರ ಜೊತೆ ನಕ್ಕರೆ ಗೊತ್ತಾಗೋದೂ ಇಲ್ಲ ಅಂದ್ಕೊಂಡಿದ್ದೆ. ನನ್ನ ಅಪ್ಪನನ್ನ ಮಾರಿ ಊಟದ ಟೇಬಲ್ಲಿನಲ್ಲಿ ಒಂದು ಜಾಗ ಕೊಂಡುಕೊಂಡೆ. 2016ರಲ್ಲಿ ರೋಹಿತ್ ಬಗ್ಗೆ ಬರೆದ ವಾರವೇ ಆ ಜಾಗ ಹೋಯ್ತು. ಡಬ್ಬಿಗಳು ಬೇರೆ ಟೇಬಲ್ಲಿಗೆ ಹೋದವು. ಆಗಿದ್ದ ಬಾಡಿಗೆ ಮನೆಯವರು "ಮಗಳು ಬರ್ತಾಳೆ, ಮನೆ ಬೇಕು" ಅಂದ್ರು. ಹೆಸರು ಬೇಡ. ಹೆಸರು ಹೇಳೋದಾದ್ರೆ 2011ರ ನನ್ನ ಹೆಸರನ್ನೂ ಹೇಳಬೇಕಾಗುತ್ತೆ.

ಡ್ರೈವರಣ್ಣ "ತೆಗೆದುಬುಡಪ್ಪ, ನಿನ್ನ ವೈರಿಗಳ ಕೈಗೆ ಸಿಕ್ಕಿದ್ರೆ?" ಅಂದ್ರು. ಬೆರಳು ಡಿಲೀಟ್ ಮೇಲೇ ಇತ್ತು. ತೆಗೀಲಿಲ್ಲ. ಯಾಕೆ ಅಂತ ಹೇಳೋಕೇ ಈ ಪೋಸ್ಟು.

2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನ ಮನೆಯೊಳಗೆ ಕೂಡಿಹಾಕಿ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. ಆಗ ಊರಲ್ಲಿ ಫೋನಿಲ್ಲ, ಪೋಸ್ಟಿಲ್ಲ. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ನಮ್ಮ ಹುಡುಗರನ್ನ ಕಟ್ಟಿ ಹೊಡೆದವರು ತಾವೇ ವಿಡಿಯೋ ಹರಿಬಿಟ್ಟರು. ಅದು ತಮ್ಮ ಶೌರ್ಯ ಅಂದ್ಕೊಂಡಿದ್ರು, ಅದು ಪುರಾವೆ ಆಯ್ತು. ಅದೇ ವರ್ಷ ಅಕ್ಟೋಬರಿನಲ್ಲಿ ನಮ್ಮಲ್ಲಿ ಬೆಂಗಳೂರಿಂದ ಉಡುಪಿಗೆ ಜಾಥಾ ಹೊರಟಿತು, ಆಹಾರದ ಆಯ್ಕೆ, ಭೂಮಿಯ ಹಕ್ಕು ಅಂತ. ವಿಡಿಯೋ ಇದ್ದ ಮಾತ್ರಕ್ಕೆ ನ್ಯಾಯ ಸಿಗಲ್ಲ, ನಿಜ. ಆದ್ರೆ ದಾಖಲೆ ಇಲ್ಲದಿದ್ರೆ "ಹಂಗೇನೂ ನಡೆದೇ ಇಲ್ಲ" ಅಂತಾರೆ. ರೋಹಿತ್ ಫೇಸ್‌ಬುಕ್ಕಿನಲ್ಲಿ ಬರೆದದ್ದನ್ನ ಸೇರಿಸಿ 2016ರಲ್ಲೇ ಇಂಗ್ಲಿಷಿನಲ್ಲಿ ಪುಸ್ತಕ ಮಾಡಿದ್ರು. ಅವರು ಬರೆಯುವಾಗ ಅದು ಬರೀ ಪೋಸ್ಟು. ಇವತ್ತು ಅದು ಚರಿತ್ರೆ.

ಹಂಗಾದ್ರೆ ನನ್ನ ಜೋಕೂ ಚರಿತ್ರೆಯೇ. ಜಾತಿ ಬರೀ ಹೊಡೆಯೋರ ಕೈಲಿ ಇರಲ್ಲ, ಹೊಡೆಸ್ಕೊಂಡೋನು ನಗೋ ನಗುವಿನಲ್ಲೂ ಇರುತ್ತೆ ಅನ್ನೋದಕ್ಕೆ ಅದೇ ಸಾಕ್ಷಿ. ನಮ್ಮ ಹೊಸ ಹುಡುಗರು ಆಫೀಸುಗಳಿಗೆ ಸೇರ್ತಾವ್ರೆ. ಅವರೂ ಇಂಥ ಟೇಬಲ್ಲಿಗೆ ಕೂರ್ತಾರೆ, ಅವರಿಗೂ ನಗಬೇಕು ಅನ್ನಿಸುತ್ತೆ. ಅವರಿಗೆ ನನ್ನ ರೋಹಿತ್ ಪೋಸ್ಟಿಗಿಂತ ಆ 2011ರ ಪೋಸ್ಟೇ ಹೆಚ್ಚು ಉಪಯೋಗಕ್ಕೆ ಬರುತ್ತೆ. ಅದರ ಕೆಳಗೆ ಮೊನ್ನೆ ಇಷ್ಟು ಬರೆದೆ: "ಇದನ್ನು ಹಂಚಿದವನು ನಾನೇ. ಹೆದರಿ ಹಂಚಿದೆ. ತಪ್ಪಾಯಿತು."

ನಿಮ್ಮಲ್ಲಿ ಎರಡು ಕೋರಿಕೆ. ಒಂದು, ಫೇಸ್‌ಬುಕ್ಕಿನ ಸೆಟ್ಟಿಂಗಿಗೆ ಹೋಗಿ ನಿಮ್ಮ ಮಾಹಿತಿಯನ್ನೆಲ್ಲ ಡೌನ್‌ಲೋಡ್ ಮಾಡಿ ಇಟ್ಕೊಳ್ಳಿ. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಬಾಗಿಲು ಹಾಕಿದ್ದು ನೆನಪಿರಲಿ. ಈ ಗೋಡೆಯೂ ನಮ್ಮದಲ್ಲ, ಯಾವತ್ತು ಬೇಕಾದ್ರೂ ಸುಣ್ಣ ಬಳೀತಾರೆ. ಎರಡು, ನಿಮ್ಮ ಮೊದಲ ಪೋಸ್ಟು ಯಾವುದು ಅಂತ ಕಾಮೆಂಟಿನಲ್ಲಿ ಹಾಕಿ. ಹೆಮ್ಮೆಯದ್ದೂ ಹಾಕಿ, ನಾಚಿಕೆಯದ್ದೂ ಹಾಕಿ. ಯಾರೂ ನಗಬೇಡಿ.

ಮಳವಳ್ಳಿ ಅಕ್ಕನ ವಿಷಯ ಹೇಳೋದು ಬಿಟ್ಟೆ. ಆ ಓದೋಕಾಗದ ಪೋಸ್ಟನ್ನ ನಮ್ಮ ಹುಡುಗ ಯೂನಿಕೋಡ್ ಕನ್ವರ್ಟರಿಗೆ ಹಾಕಿದ. ಒಂದೇ ನಿಮಿಷಕ್ಕೆ ಕನ್ನಡ ಬಂತು. ಅಕ್ಕ ಅದನ್ನ ಹಳೇ ಪೋಸ್ಟಿನ ಕೆಳಗೇ ಅಂಟಿಸಿದ್ರು. ಇಷ್ಟೇ ಇದ್ದದ್ದು: "ನಾನು ಓದಿದ್ದು ಬಾಬಾಸಾಹೇಬರಿಂದ. ಎಲ್ಲರಿಗೂ ಜಯಂತಿಯ ಶುಭಾಶಯ." ಹೋಗಿ ಒಂದು ಲೈಕು ಒತ್ತಿ ಬನ್ನಿ. ತಡವಾಗಿದೆ, ಪರವಾಗಿಲ್ಲ.

ಜೈಭೀಮ್.