ಹೊಸಕೋಟೆಯಿಂದ ಹಾನ್ಲೆಯ ದೂರದರ್ಶಕವನ್ನು ನಡೆಸಿದ ವೃತ್ತಾಂತ

ನಮ್ಮ ಮಳವಳ್ಳಿ ಸೀಮೆಯ ಶಿವನಸಮುದ್ರದಿಂದ 1902ನೆಯ ಇಸವಿಯ ಜೂನ್ ತಿಂಗಳಲ್ಲಿ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯು ಹರಿದ ಸಂಗತಿಯನ್ನು ವಾಚಕರು ಬಲ್ಲರು. ಇಲ್ಲಿಯ ನೀರಿನ ಬಲದಿಂದ ಅಲ್ಲಿಯ ಯಂತ್ರವು ತಿರುಗಬಹುದೆಂಬುದು ನಮ್ಮವರಿಗೆ ಆಗಲೇ ಪ್ರತ್ಯಕ್ಷವಾಯಿತು. ಆದರೆ ಶಕ್ತಿಯು ದೂರ ಸಾಗಿದರೂ ಯಂತ್ರವನ್ನು ನಡೆಸುವವನು ಅದರ ಬಳಿಯಲ್ಲಿಯೇ ನಿಲ್ಲಬೇಕಾಗಿದ್ದಿತು. ಅದೇ ಗಣಿಗಳೊಳಗೆ, ನೆಲದಿಂದ ಒಂದು ಮೈಲಿಗಿಂತಲೂ ಕೆಳಗೆ, ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿದ್ವಾಂಸರೊಡಗೂಡಿ 1965ರಲ್ಲಿ ನ್ಯೂಟ್ರಿನೋ ಕಣಗಳ ಗುರುತನ್ನು ಕಂಡುಕೊಂಡರು. ಅದಕ್ಕಾಗಿ ಅವರು ತಾವೇ ಪಾತಾಳಕ್ಕಿಳಿದರು.

ಈ ಕಟ್ಟುಪಾಡು ಸಡಿಲವಾದ ಬಗೆಯನ್ನು ಅರಿಯಲು ಬೆಂಗಳೂರಿನಿಂದ ಕೋಲಾರಕ್ಕೆ ಹೋಗುವ ಹಾದಿಯಲ್ಲಿಯೇ ಇರುವ ಹೊಸಕೋಟೆಗೆ ಬರಬೇಕು. ಭಾರತೀಯ ಖಭೌತ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4500 ಮೀಟರ್ ಎತ್ತರದ ಬೆಟ್ಟದ ಮೇಲೆ, ಎರಡು ಮೀಟರ್ ವ್ಯಾಸದ ಕನ್ನಡಿಯುಳ್ಳ ದೂರದರ್ಶಕವನ್ನು ಸ್ಥಾಪಿಸಿದರು. ಸುಬ್ರಹ್ಮಣ್ಯನ್ ಚಂದ್ರಶೇಖರರ ಸ್ಮರಣಾರ್ಥವಾಗಿ ಅದಕ್ಕೆ ಹಿಮಾಲಯ ಚಂದ್ರ ದೂರದರ್ಶಕವೆಂದು ಹೆಸರು. 2000ದ ಸೆಪ್ಟೆಂಬರಿನಲ್ಲಿ ಅದರೊಳಗೆ ಮೊದಲ ತಾರಾಪ್ರಕಾಶವು ಬಿದ್ದಿತು. ಅಲ್ಲಿಯ ಗಾಳಿ ಒಣಗಿದ್ದು, ಮೋಡ ವಿರಳ. ನಕ್ಷತ್ರವೀಕ್ಷಣೆಗೆ ಅದಕ್ಕಿಂತ ಮೇಲಾದ ಸ್ಥಳವು ದುರ್ಲಭ. ಆದರೆ ಅದೇ ಗಾಳಿಯು ತೆಳುವಾದುದರಿಂದ ಬಯಲುಸೀಮೆಯವರಿಗೆ ಉಸಿರು ಸಾಲದು. ಚಳಿಗಾಲದ ಇರುಳಿನಲ್ಲಿ ಉಷ್ಣತೆಯು ಶೂನ್ಯಕ್ಕಿಂತ ಬಹಳ ಕೆಳಗಿಳಿಯುತ್ತದೆ. ವೀಕ್ಷಣೆಗೆ ಯೋಗ್ಯವಾದ ಸ್ಥಳವು ವೀಕ್ಷಕನಿಗೆ ಅಯೋಗ್ಯವಾಯಿತು!

ಆದುದರಿಂದ 2001ರಲ್ಲಿ ಕೃತಕ ಉಪಗ್ರಹದ ಮೂಲಕ ಹಾನ್ಲೆಗೂ ಹೊಸಕೋಟೆಗೂ ಸಂಬಂಧವನ್ನು ಕಲ್ಪಿಸಿದರು. ಹೊಸಕೋಟೆಯ ಕೊಠಡಿಯಲ್ಲಿ ಕುಳಿತ ಜ್ಯೋತಿರ್ವಿಜ್ಞಾನಿಯು ಗಣಕಯಂತ್ರಕ್ಕೆ ಆಜ್ಞೆಯಿತ್ತರೆ ಹಾನ್ಲೆಯ ಕನ್ನಡಿಯು ಬಯಸಿದ ತಾರೆಯತ್ತ ತಿರುಗುತ್ತದೆ. ಬೆಳಕನ್ನು ಸೋಸುವ ಗಾಜು ಯಾವುದು, ಎಷ್ಟು ಹೊತ್ತು ಬೆಳಕನ್ನು ಸಂಗ್ರಹಿಸಬೇಕು ಎಂಬುದೆಲ್ಲ ಅವನ ನಿರ್ಣಯ. ಮೂಡಿದ ಚಿತ್ರವು ಅವನ ಎದುರಿಗೆ ಬರುತ್ತದೆ.

ಇಂತಹ ಪ್ರಸಂಗಕ್ಕೆ ಸಂಜಯನ ದಿವ್ಯದೃಷ್ಟಿಯನ್ನು ಉಪಮಾನವಾಗಿ ಹೇಳುವ ವಾಡಿಕೆಯುಂಟು. ನನಗೆ ಅದು ಪೂರ್ತಿಯಾಗಿ ಒಪ್ಪದು. ಸಂಜಯನು ಕಂಡನೇ ಹೊರತು ಕುರುಕ್ಷೇತ್ರದ ಒಂದು ಬಾಣವನ್ನಾದರೂ ಅತ್ತಿತ್ತ ಸರಿಸಲಾರದೆ ಹೋದನು. ಹೊಸಕೋಟೆಯವನಿಗೆ ಕಣ್ಣೂ ಉಂಟು, ಕೈಯೂ ಉಂಟು. ಆದರೆ ಆ ಕೈಗೆ ಒಂದು ಮಿತಿಯಿದೆ. ಮಂದಪ್ರಕಾಶವನ್ನು ಗ್ರಹಿಸುವ ಉಪಕರಣವನ್ನು ತಣ್ಣಗಿಡುವುದಕ್ಕೆ ದ್ರವ ಸಾರಜನಕವನ್ನು ತುಂಬಬೇಕು. ಕನ್ನಡಿಯ ಧೂಳನ್ನು ತೆಗೆಯಬೇಕು. ಹಿಮದಿಂದ ಗೋಪುರದ ಬಾಗಿಲು ಕಚ್ಚಿಕೊಂಡರೆ ಬಿಡಿಸಬೇಕು. ಇವು ಉಪಗ್ರಹದ ಮೂಲಕ ಆಗುವ ಕೆಲಸಗಳಲ್ಲ. ವಿದ್ವಾಂಸನಿಗೆ ದೂರವು ಅಳಿಯಿತೆಂದರೆ, ಅವನ ಪಾಲಿನ ಚಳಿಯನ್ನು ಬೆಟ್ಟದ ಮೇಲೆ ಮತ್ತೊಬ್ಬನು ಅನುಭವಿಸುತ್ತಿರುವನೆಂದು ತಿಳಿಯತಕ್ಕದ್ದು. ಶಾಲೆಯ ಹುಡುಗರನ್ನು ಶಿವನಸಮುದ್ರಕ್ಕೆ ಕರೆದೊಯ್ದಾಗಲೆಲ್ಲ ಅವರು ತಂತಿಗಳನ್ನು ನೋಡಿ ಬೆರಗಾಗುತ್ತಿದ್ದರು. ಯಂತ್ರಕ್ಕೆ ಎಣ್ಣೆ ಹಾಕುವವನನ್ನು ಯಾರೂ ನೋಡುತ್ತಿರಲಿಲ್ಲ.

ಮುಂದೆ 2018ರಲ್ಲಿ ಅದೇ ಹಾನ್ಲೆಯಲ್ಲಿ, ಮುಂಬಯಿಯ ಐಐಟಿಯೊಡನೆ ಸೇರಿ, 0.7 ಮೀಟರಿನ ಇನ್ನೊಂದು ದೂರದರ್ಶಕವನ್ನು ನಿಲ್ಲಿಸಿದರು. ರಾತ್ರಿಯೆಲ್ಲ ಎಲ್ಲಿ ನೋಡಬೇಕೆಂಬುದನ್ನು ಮೊದಲೇ ಅನುಗೊಳಿಸಿದ ಪಟ್ಟಿಯಂತೆ ಅದು ತಾನೇ ನಡೆಯಿಸಿಕೊಳ್ಳುತ್ತದೆ. ಆಕಾಶದಲ್ಲಿ ಹಠಾತ್ತಾಗಿ ಸ್ಫೋಟಿಸುವ ತಾರೆಗಳನ್ನು ಹಿಡಿಯಲು ಈ ವೇಗವು ಬೇಕು. ಹೊಸಕೋಟೆಯ ವೀಕ್ಷಕನು ಕೂಡ ಇಲ್ಲಿ ಪ್ರತಿಕ್ಷಣವೂ ಎಚ್ಚರವಿರಬೇಕಾಗಿಲ್ಲ.

ಚಂದ್ರ ದೂರದರ್ಶಕದಿಂದ ಪಡೆದ ಫಲಗಳನ್ನು ಪ್ರಕಟಿಸುವ ಲೇಖನಗಳ ಕೊನೆಯಲ್ಲಿ ಒಂದು ಸತ್ಸಂಪ್ರದಾಯವು ನಡೆದುಬಂದಿದೆ. ಅಲ್ಲಿ ಹಾನ್ಲೆ ಮತ್ತು ಹೊಸಕೋಟೆಗಳೆರಡರ ಸಿಬ್ಬಂದಿಗೂ ಕೃತಜ್ಞತೆಯನ್ನು ಬರೆಯುವರು. ಹಾನ್ಲೆಯ ಹೆಸರು ಮೊದಲು ಬರುತ್ತದೆ.