ಕಾಟಿ ಯಾರ ಬಳಗ?

ಬೆಂಗಳೂರಿನ ಬಸವೇಶ್ವರನಗರದ ಹೆಸರಿನಲ್ಲಿ ಬಸವನಿದ್ದಾನೆ. ಸಂಸ್ಕೃತದ ವೃಷಭ ಪ್ರಾಕೃತದ ಬಾಯಲ್ಲಿ ಸವೆದು ಕನ್ನಡಕ್ಕೆ ಬರುವಷ್ಟರಲ್ಲಿ ಬಸವ ಆಯಿತು. ಅದೇ ವೃಷಭ ಸವೆಯದೆ ಉಳಿದಿರುವುದು ವೃಷಭಾವತಿಯಲ್ಲಿ. ಗಾಳಿ ಆಂಜನೇಯನ ಗುಡಿಯ ಪಕ್ಕ ಹಾದು, ಮೈಸೂರು ರಸ್ತೆಯ ಜೊತೆಜೊತೆಗೇ ಕೆಂಗೇರಿಯ ಕಡೆ ಹರಿಯುವ ಈ ಹೊಳೆಯನ್ನು ನಾವು ಮೋರಿ ಮಾಡಿಟ್ಟಿದ್ದೇವೆ, ಆದರೆ ಹೆಸರು ಉಳಿದಿದೆ. ರಸ್ತೆ ಹೋಗಿ ಮುಟ್ಟುವ ಊರಿನ ಹೆಸರು ಮಾತ್ರ ಇನ್ನೊಂದು ಪ್ರಾಣಿಯದು: ಮಹಿಷನ ಊರು ಮೈಸೂರು. ಎತ್ತಿನ ಹೆಸರಿನ ಹೊಳೆಯ ದಡದಿಂದ ಹೊರಟು, ಕೋಣನ ಹೆಸರಿನ ಊರು ಸೇರಿ, ಅಲ್ಲಿಂದ ನಂಜನಗೂಡು, ಗುಂಡ್ಲುಪೇಟೆ ದಾಟಿದರೆ ಬಂಡೀಪುರ. ಕಾಡಿನಂಚಿನಲ್ಲಿ ಮೇಯುತ್ತಾ ನಿಂತ ದೊಡ್ಡ ಕಪ್ಪು ಪ್ರಾಣಿಯನ್ನು ಕಂಡೊಡನೆ ವಿಜಯನಗರದಿಂದ ಹೊರಟ ಕಾರಿನೊಳಗೆ ಮೂರು ಹೆಸರು ಒಟ್ಟಿಗೇ ಏಳುತ್ತವೆ. ಅಪ್ಪ ಕಾಡೆಮ್ಮೆ ಎನ್ನುತ್ತಾರೆ, ಅಜ್ಜಿ ಕಾಡುಕೋಣ ಎನ್ನುತ್ತಾರೆ, ಮಗು ಬೈಸನ್ ಎನ್ನುತ್ತದೆ. ಮೂರೂ ಹೆಸರು ಅದನ್ನು ಬೇರೆಯವರ ಮನೆಗೆ ಸೇರಿಸುತ್ತವೆ. ಅದು ಬಸವನ ಬಳಗ.

ಮಲೆನಾಡಿನವರಿಗೆ, ಕೊಡಗಿನವರಿಗೆ, ತುಳುನಾಡಿನವರಿಗೆ ಈ ಗೊಂದಲವಿಲ್ಲ. ಅವರು ಕಾಟಿ ಎನ್ನುತ್ತಾರೆ, ಮಾತು ಮುಗಿಯಿತು. ಕಾಡು ಎಂಬ ಸದ್ದು ಆ ಹೆಸರಿನೊಳಗೇ ಕೇಳಿಸುತ್ತದೆ, ಆದರೆ ಎಮ್ಮೆಯ ಕೋಣನ ನೆಂಟಸ್ತಿಕೆಯ ಸುಳಿವಿಲ್ಲ. ಬಯಲುಸೀಮೆಯ ನಾವು ಹಾಗೆ ಮಾಡಲಿಲ್ಲ. ನಮ್ಮ ಕೊಟ್ಟಿಗೆಯಲ್ಲಿದ್ದುದನ್ನೇ ಎತ್ತಿಕೊಂಡು, ಅದರ ಮುಂದೆ ಕಾಡು ಸೇರಿಸಿದೆವು. ಕಾಡುಹಂದಿ, ಕಾಡುಕೋಳಿ, ಕಾಡುಪಾಪ ಎಲ್ಲವೂ ಹೀಗೆ ಹುಟ್ಟಿದ ಹೆಸರುಗಳೇ. ಹಂದಿಯ ಮಟ್ಟಿಗೆ, ಕೋಳಿಯ ಮಟ್ಟಿಗೆ ಈ ಕ್ರಮ ಸರಿಯಾಗಿಯೇ ಕೂತಿತು. ಕಾಟಿಯ ಮಟ್ಟಿಗೆ ಬಣ್ಣ ಮೋಸಮಾಡಿತು. ಕಪ್ಪಗಿದೆ, ಭಾರಿಯಾಗಿದೆ, ಅಂದಮೇಲೆ ಎಮ್ಮೆಯೇ ಇರಬೇಕು! ತಮಿಳರ ಕಾಟ್ಟೆರುಮೈ, ಮಲಯಾಳಿಗಳ ಕಾಟ್ಟುಪೋತ್ತ್ ಕೂಡ ಇದೇ ಜಾಡು ಹಿಡಿದು ಹುಟ್ಟಿದವು.

ನಿಂತು ನೋಡಿದರೆ ಗುರುತು ಕಷ್ಟವಲ್ಲ. ಮೊದಲು ಕಾಲು ನೋಡಬೇಕು. ಕಾಟಿಯ ನಾಲ್ಕು ಕಾಲಿಗೂ ಮಂಡಿಯಿಂದ ಕೆಳಗೆ ಬಿಳಿ ಕಾಲುಚೀಲ ಹಾಕಿದಂತಿರುತ್ತದೆ. ಆಮೇಲೆ ಬೆನ್ನು. ಎಮ್ಮೆಯ ಬೆನ್ನು ಹೆಚ್ಚುಕಡಿಮೆ ಚಪ್ಪಟೆ. ಕಾಟಿಯದು ಭುಜದಿಂದ ಎದ್ದ ದಿಣ್ಣೆ, ಬೆನ್ನಿನ ನಡುವಿಗೆ ಬಂದು ಥಟ್ಟನೆ ಇಳಿದುಬಿಡುತ್ತದೆ. ನಮ್ಮ ಎತ್ತಿನ ಹಿಣಿಲು ಮಾಂಸದ ಮುದ್ದೆ, ಕಾಟಿಯ ದಿಣ್ಣೆ ಬೆನ್ನುಮೂಳೆಯೇ ಮೇಲಕ್ಕೆ ಚಾಚಿಕೊಂಡು ಆದದ್ದು. ಎಮ್ಮೆಯ ಕೊಂಬು ಚಪ್ಪಟೆ, ಅಡ್ಡಗೆರೆಗಳ ಒರಟು ಮೈಯದು, ಹಿಂದಕ್ಕೆ ಬಾಗಿದ್ದು. ಕಾಟಿಯ ಕೊಂಬು ಬುಡದಲ್ಲಿ ಹಳದಿ, ತುದಿಯಲ್ಲಿ ಕಪ್ಪು. ಪಕ್ಕಕ್ಕೆ ಚಾಚಿ ಮೇಲಕ್ಕೆದ್ದು ತುದಿ ಒಳಕ್ಕೆ ತಿರುಗುತ್ತದೆ, ಎರಡರ ನಡುವೆ ಹಣೆಯ ಮೇಲೆ ಬೂದಿಬಣ್ಣದ ಉಬ್ಬು. ಇಷ್ಟೆಲ್ಲ ಮರೆತರೂ ಗಂಗೆದೊಗಲನ್ನು ಮರೆಯಬಾರದು. ಎತ್ತಿಗೂ ಹಸುವಿಗೂ ಕೊರಳ ಕೆಳಗೆ ಇಳಿಬೀಳುವ ಆ ಚರ್ಮ ಕಾಟಿಗೂ ಇದೆ. ಎಮ್ಮೆಯಲ್ಲಿ ಅದನ್ನು ಹುಡುಕಿದರೂ ಸಿಗದು.

ಗುಣದ ವಿಚಾರಕ್ಕೆ ಬಂದರೆ ನಮ್ಮ ಗಾದೆಯೇ ಸಾಕು: ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಹೊಂದಾಣಿಕೆಯಿಲ್ಲದ ಜೋಡಿಗೆ ನಾವು ಈ ಮಾತನ್ನು ಬಳಸುತ್ತೇವೆ. ಆದರೆ ಇದನ್ನು ಮೊದಲು ಆಡಿದವನು ಎರಡನ್ನೂ ಒಂದೇ ನೊಗಕ್ಕೆ ಕಟ್ಟಿ ನೋಡಿದ ರೈತನೇ ಆಗಿರಬೇಕು ಎಂದು ನನ್ನ ನಂಬಿಕೆ. ಎಮ್ಮೆಯ ಚರ್ಮದಲ್ಲಿ ಬೆವರಿನ ಗ್ರಂಥಿಗಳು ಕಡಿಮೆ, ಮೈ ಕಪ್ಪು, ಕೂದಲು ವಿರಳ. ಬಿಸಿಲೇರಿದರೆ ಅದಕ್ಕೆ ನೀರೋ ಕೆಸರೋ ಬೇಕೇ ಬೇಕು. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆದಾಗ ನಮ್ಮ ಕಡೆಯವರೂ ಹೋಗಿ ಕೆಸರುಗದ್ದೆಯ ಕೋಣಗಳನ್ನು ಕಣ್ತುಂಬ ನೋಡಿ ಬಂದರು. ನೀರು ಚಿಮ್ಮಿಸಿ ಓಡುವ ಆ ಕೋಣ ಎಷ್ಟು ಕಪ್ಪೋ ಕಾಟಿಯೂ ಅಷ್ಟೇ ಕಪ್ಪು, ಆದರೆ ಕಾಟಿ ಕೆಸರಿನಲ್ಲಿ ಹೊರಳುವುದಿಲ್ಲ. ನೀರು ಕುಡಿಯುತ್ತದೆ, ಬಿಸಿಲಿಗೆ ಮರದ ನೆರಳು ಹಿಡಿಯುತ್ತದೆ, ಬೆಟ್ಟದ ಇಳಿಜಾರನ್ನು ಸಲೀಸಾಗಿ ಹತ್ತುತ್ತದೆ. ಗಾದೆಯ ಲೆಕ್ಕದಲ್ಲಿ ಅದು ಏರಿಗೆಳೆಯುವ ಪಂಗಡ.

ವಿಜ್ಞಾನ ಹೇಳುವುದೂ ಇದನ್ನೇ. ನಮ್ಮ ಹಸುವಿನ ಕುಲ ಬಾಸ್. ಕಾಟಿ ಬಾಸ್ ಗೌರಸ್. ಎಮ್ಮೆಯದು ಬೇರೆ ಕುಲ, ಬುಬಾಲಸ್. ಹಸುವಿನ ಜೀವಕೋಶದಲ್ಲಿ 60 ವರ್ಣತಂತುಗಳು, ಕಾಟಿಯಲ್ಲಿ 58, ನಮ್ಮ ಹಾಲೆಮ್ಮೆಯಲ್ಲಿ 50. ಹಸುವೂ ಎಮ್ಮೆಯೂ ಒಂದೇ ಕೊಟ್ಟಿಗೆಯಲ್ಲಿ ಸಾವಿರಾರು ವರ್ಷ ಕಳೆದರೂ ಅವುಗಳಿಗೆ ಕರು ಹುಟ್ಟಲಿಲ್ಲ. ಈಶಾನ್ಯ ಭಾರತದ ಗುಡ್ಡಗಾಡಿನ ಜನ ಸಾಕುವ ಮಿಥುನ್ ಕಾಟಿಯ ಸಾಕುರೂಪ. ಅದಕ್ಕೂ ಹಸುವಿಗೂ ಕರು ಹುಟ್ಟುತ್ತದೆ. 2001ರ ಜನವರಿಯಲ್ಲಿ ಅಮೆರಿಕದ ಅಯೋವಾದಲ್ಲಿ ಸಾಮಾನ್ಯ ಹಸುವೊಂದು ತದ್ರೂಪಿ ಕಾಟಿಯ ಕರುವನ್ನು ಹೆತ್ತಿತು. ನೋವಾ ಎಂದು ಹೆಸರಿಟ್ಟ ಆ ಕರು ಎರಡೇ ದಿನಕ್ಕೆ ತೀರಿಕೊಂಡರೂ, ಹಸುವಿನ ಬಸಿರು ಅದನ್ನು ದಿನ ತುಂಬುವವರೆಗೆ ಹೊತ್ತಿತ್ತು.

ನನ್ನನ್ನು ಬಹಳ ಹಿಡಿದು ನಿಲ್ಲಿಸಿದ್ದು ನ್ಯಾಯಶಾಸ್ತ್ರದವರ ಉದಾಹರಣೆ. ಅವರು ಒಪ್ಪುವ ನಾಲ್ಕು ಪ್ರಮಾಣಗಳಲ್ಲಿ ಉಪಮಾನವೂ ಒಂದು. ಅದನ್ನು ವಿವರಿಸಲು ಅವರು ಕೊಡುವುದು ಊರಿನವನ ಕಥೆ. ಗವಯ ಎಂಬ ಪ್ರಾಣಿಯನ್ನು ಅವನು ಕಂಡಿಲ್ಲ. ಕಾಡಿನವನೊಬ್ಬ ಅವನಿಗೆ, ಗವಯ ಹಸುವಿನಂತಿರುತ್ತದೆ ಎನ್ನುತ್ತಾನೆ. ಆಮೇಲೆ ಕಾಡಿಗೆ ಹೋದವನು ಹಸುವಿನಂಥ ಪ್ರಾಣಿಯನ್ನು ಕಂಡು, ಆ ಮಾತನ್ನು ನೆನೆದು, ಇದೇ ಗವಯ ಎಂದು ತಿಳಿಯುತ್ತಾನೆ. ಹೆಸರಿಗೂ ಹೆಸರಿಸಿದ ವಸ್ತುವಿಗೂ ನಂಟು ಕೂಡುವುದು ಹಾಗೆ. ಗವಯ ಯಾವುದೆಂಬುದರಲ್ಲಿ ಒಮ್ಮತವಿಲ್ಲ, ಕಾಟಿಯ ಜಾತಿ ಎನ್ನುವವರಿದ್ದಾರೆ, ನೀಲಗಾಯ್ ಎನ್ನುವವರೂ ಇದ್ದಾರೆ. ನನಗೆ ಮುಖ್ಯವೆನಿಸುವುದು ಕಾಡಿನವನ ಪಾತ್ರ. ಅವನು ಸರಿಯಾದ ಹೋಲಿಕೆ ಕೊಟ್ಟರೆ ಮಾತ್ರ ಊರಿನವನ ಅರಿವು ಸರಿಯಾಗುತ್ತದೆ. ಎಮ್ಮೆಯಂತಿರುತ್ತದೆ ಎಂದು ಹೇಳಿ ಕಳಿಸಿದರೆ ಅವನು ಕಾಡಿನಲ್ಲಿ ಗಂಗೆದೊಗಲನ್ನು ನೋಡುವುದೇ ಇಲ್ಲ.

ಬೈಸನ್ ಎಂಬ ಹೆಸರು ಬಂದದ್ದು ಬೇಟೆಗೆ ಬಂದ ಇಂಗ್ಲಿಷರಿಂದ. ಭುಜದ ದಿಣ್ಣೆ ನೋಡಿ ಅವರಿಗೆ ತಮ್ಮ ಕಡೆಯ ಗಡ್ಡದ, ಜೂಲಿನ ಪ್ರಾಣಿ ನೆನಪಾಯಿತು. ವಿಚಿತ್ರವೆಂದರೆ ಅದೇ ಭಾಷೆಯವರು ಅಮೆರಿಕಕ್ಕೆ ಹೋಗಿ ನಿಜವಾದ ಬೈಸನ್ನನ್ನು ಕಂಡಾಗ ಬಫಲೋ ಎಂದರು. 2016ರಲ್ಲಿ ಅದನ್ನು ಅಮೆರಿಕದ ರಾಷ್ಟ್ರೀಯ ಸಸ್ತನಿಯೆಂದು ಕಾನೂನು ಸಾರಿದಾಗ ಬೈಸನ್ ಎಂದೇ ಬರೆದರೂ, ಅಲ್ಲಿನ ಜನರ ಬಾಯಲ್ಲಿ ಅದು ಇಂದಿಗೂ ಬಫಲೋ. ಥಾಯ್ ಜನರ ಕಥೆ ಬೇರೆ. ಅವರ ಭಾಷೆಯಲ್ಲಿ ಕಾಟಿಗೆ ಕ್ರತಿಂಗ್. ಕ್ರತಿಂಗ್ ದೇಂಗ್, ಅಂದರೆ ಕೆಂಪು ಕಾಟಿ, ಎಂಬ ಅಲ್ಲಿಯ ಪಾನೀಯ ಆಸ್ಟ್ರಿಯಾಕ್ಕೆ ಹೋಗಿ 1987ರಲ್ಲಿ ರೆಡ್ ಬುಲ್ ಆಯಿತು. ರಾಜಾಜಿನಗರದ ಅಂಗಡಿಗಳ ಫ್ರಿಜ್ಜಿನಲ್ಲಿರುವ ಆ ಡಬ್ಬಿಯ ಮೇಲೆ ಢೀ ಕೊಡುವ ಜೋಡಿ ಮೂಲದಲ್ಲಿ ಕಾಟಿಗಳದು. ಅಲ್ಲಿ ಎಮ್ಮೆಯ ಹೆಸರು ನಡುವೆ ಬರಲಿಲ್ಲ, ಹೋರಿಯ ಹೆಸರು ಬಂತು. ಬಳಗ ತಪ್ಪಲಿಲ್ಲ.

ಹೆಸರು ಏನಾದರೇನು ಎನ್ನುವವರಿಗೆ ನಾನು ಅಸ್ಸಾಮನ್ನು ತೋರಿಸುತ್ತೇನೆ. ಕಾಜಿರಂಗದ ಜೌಗಿನಲ್ಲಿ ನಿಜವಾದ ಕಾಡೆಮ್ಮೆ ಇದೆ. ನಮ್ಮ ಸಾಕೆಮ್ಮೆಗಳ ಮೂಲ ಅದೇ ಕಾಡುಜಾತಿ, ಬುಬಾಲಸ್ ಆರ್ನೀ. ಛತ್ತೀಸಗಢದಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ, ಜಗತ್ತಿನಲ್ಲೆಲ್ಲ ಸೇರಿ 4000ವೂ ಇಲ್ಲವೆಂದು ಅಂದಾಜು. ನಮ್ಮ ಕಾಡುಗಳಲ್ಲಿ ಅದು ಇಲ್ಲವೇ ಇಲ್ಲ. ಅದರ ಹೆಸರನ್ನು ನಾವು ಕಾಟಿಗೆ ಕೊಟ್ಟು ಕೂತಿದ್ದೇವೆ. ಹಾಗಾಗಿ ಆ ಅಳಿವಿನಂಚಿನ ಪ್ರಾಣಿಯ ಸುದ್ದಿಯನ್ನು ಕನ್ನಡದಲ್ಲಿ ಬರೆದರೆ, ಬಂಡೀಪುರದಲ್ಲಿ ಬೇಕಾದಷ್ಟಿವೆಯಲ್ಲ ಎಂದು ಓದುಗ ಪುಟ ತಿರುಗಿಸುತ್ತಾನೆ.

ಬಂಡೀಪುರದಲ್ಲಿಯೂ ಸದಾ ಬೇಕಾದಷ್ಟಿರಲಿಲ್ಲ. 1968ರಲ್ಲಿ ದನಗಳ ಮಹಾಮಾರಿ ರಿಂಡರ್‌ಪೆಸ್ಟ್ ಅಲ್ಲಿಯೂ ಮುದುಮಲೆಯಲ್ಲಿಯೂ ಹಬ್ಬಿ ಕಾಟಿಗಳ ಹಿಂಡುಗಳನ್ನೇ ಅಳಿಸಿತು. ಕಾಡಂಚಿನಲ್ಲಿ ಮೇಯುವ ಊರದನದ ಕಾಯಿಲೆ ಕಾಟಿಗೆ ಪರರ ಕಾಯಿಲೆಯಲ್ಲ. ಲಸಿಕೆಯ ಕೆಲಸ ದಶಕಗಳ ಕಾಲ ನಡೆದು, 2011ರಲ್ಲಿ ಆ ರೋಗ ಭೂಮಿಯಿಂದಲೇ ತೊಲಗಿತೆಂದು ಸಾರಿದರು. ಕೊಟ್ಟಿಗೆಯ ದನಕ್ಕೆ ಚುಚ್ಚಿದ ಸೂಜಿ ಕಾಡಿನ ದಾಯಾದಿಯನ್ನೂ ಉಳಿಸಿತು.

ಮೂಡಿಗೆರೆ, ಸಕಲೇಶಪುರದ ಕಡೆಯಿಂದ ಬಂದು ಈ ಬಡಾವಣೆಗಳಲ್ಲಿ ಮನೆ ಮಾಡಿದವರು ಊರಿಗೆ ಫೋನು ಮಾಡಿದಾಗ, ತೋಟಕ್ಕೆ ಕಾಟಿ ನುಗ್ಗಿತ್ತಾ ಎಂದೇ ಕೇಳುತ್ತಾರೆ. ಪದ ಆಗಲೇ ಬೆಂಗಳೂರಿಗೆ ಬಂದಿದೆ. ಪತ್ರಿಕೆಯವರು ಕಾಡುಕೋಣ ದಾಳಿ ಎಂದು ಬರೆಯುವ ಜಾಗದಲ್ಲಿ ಇನ್ನು ಕಾಟಿ ಎಂದು ಬರೆಯಲಿ, ಪಠ್ಯಪುಸ್ತಕದವರು ಕಾಡೆಮ್ಮೆ ಎಂಬುದನ್ನು ಕಾಜಿರಂಗದ ಚಿತ್ರದ ಕೆಳಗೆ ಹಾಕಲಿ.