ಇಲ್ಲದ ಸಂತನ ದ್ವೀಪ



ಸ್ಕಾಟ್ಲೆಂಡಿನ ಪಶ್ಚಿಮದಲ್ಲಿರುವ ಹೆಬ್ರಿಡೀಸ್ ದ್ವೀಪಗಳನ್ನು ದಾಟಿ ಅಟ್ಲಾಂಟಿಕ್ ಸಾಗರದಲ್ಲಿ ಸುಮಾರು 64 ಕಿಲೋಮೀಟರು ಸಾಗಿದರೆ, 'ಸೇಂಟ್ ಕಿಲ್ಡಾ' ಎಂಬ ಪುಟ್ಟ ದ್ವೀಪಸಮೂಹವು ಗೋಚರವಾಗುತ್ತದೆ. ಇದು ಯಾವನೋ ಸಂತನ ತಪೋಭೂಮಿಯಾಗಿರಬೇಕೆಂದು ತೋರುವುದು ಸಹಜ. ಆದರೆ ಕಿಲ್ಡಾ ಎಂಬ ಸಂತನೇ ಇರಲಿಲ್ಲ!

ಹಾಗಾದರೆ ಈ ಹೆಸರು ಬಂದುದೆಲ್ಲಿಂದ? ಗುರಾಣಿಗಳೆಂಬ ಅರ್ಥದ 'ಸ್ಕಿಲ್ದಿರ್' ಎಂಬ ಪ್ರಾಚೀನ ನಾರ್ವೆಯ ನುಡಿಯನ್ನು ನಕ್ಷೆಗಾರರು ತಪ್ಪಾಗಿ ಬರೆದುಕೊಂಡರೆಂದು ಕೆಲವರ ಮತ. 'ತೋಬರ್ ಖಿಲ್ಡಾ' ಎಂಬ ಚಿಲುಮೆಯ ಹೆಸರೇ ಮೂಲವೆಂದು ಮತ್ತೆ ಕೆಲವರ ಮತ. 'ತೋಬರ್' ಎಂದರೆ ಗೇಲಿಕ್ ಭಾಷೆಯಲ್ಲಿ ಚಿಲುಮೆ. ನಾರ್ವೆಯವರ 'ಕೆಲ್ದಾ' ಎಂದರೂ ಚಿಲುಮೆಯೇ. ನಾವು 'ನಡುಮಧ್ಯ' ಎನ್ನುವಂತೆ, ಎರಡು ಜನಾಂಗಗಳು ಒಂದೇ ನೀರನ್ನು ಎರಡು ಸಲ ಹೆಸರಿಸಿದುವು. ನಿವಾಸಿಗಳಿಗೆ ಮಾತ್ರ ತಮ್ಮ ದೊಡ್ಡ ದ್ವೀಪವು 'ಹಿರ್ತಾ'.

ನಕ್ಷೆಯ ಹೆಸರು ಹೀಗೆ ದಾರಿ ತಪ್ಪಿಸಿದರೂ ಜನರ ಬಾಯಲ್ಲಿ ಉಳಿದ ಹೆಸರುಗಳು ಚರಿತ್ರೆಯನ್ನು ಹೇಳುತ್ತವೆ. ನೆರೆಯ ದ್ವೀಪ 'ಸೋಯ್' ಎಂದರೆ ನಾರ್ವೆಯ ನುಡಿಯಲ್ಲಿ ಕುರಿಗಳ ದ್ವೀಪ. ಅಲ್ಲಿ ಇಂದಿಗೂ ಅತಿ ಪುರಾತನ ತಳಿಯ ಕುರಿಗಳುಂಟು. ಹಿರ್ತಾದ ಕಣಿವೆಯಲ್ಲಿ 'ವೀರನಾರಿಯ ಮನೆ' ಎಂಬ ಹಾಳುಗಟ್ಟಡವಿದೆ. ಸಮುದ್ರವು ಒಣನೆಲವಾಗಿದ್ದಾಗ ಆಕೆ ಹ್ಯಾರಿಸ್ ದ್ವೀಪದವರೆಗೂ ಬೇಟೆಯಾಡುತ್ತಿದ್ದಳೆಂಬ ಐತಿಹ್ಯವನ್ನು, 1697ರಲ್ಲಿ ಅಲ್ಲಿಗೆ ಹೋದ ಮಾರ್ಟಿನ್ ಮಾರ್ಟಿನ್ ಎಂಬಾತನು ಬರೆದಿಟ್ಟನು.

ಬೆಟ್ಟದ ಮೈಮೇಲೆಲ್ಲ ಗಾರೆಯಿಲ್ಲದೆ ಕಟ್ಟಿದ, ಹುಲ್ಲುಮಣ್ಣು ಹೊದಿಸಿದ ಸಾವಿರಕ್ಕೂ ಮಿಕ್ಕ ಕಲ್ಲುಗೂಡುಗಳಿವೆ. ಹೊರಗಿನವನು ಅವನ್ನು ಗೋರಿಗಳೆಂದು ಭ್ರಮಿಸಿಯಾನು. ಅವು 'ಕ್ಲೀಟ್' ಎಂಬ ಉಗ್ರಾಣಗಳು. ಕಲ್ಲುಗಳ ಸಂದಿನಿಂದ ಬೀಸುವ ಗಾಳಿಗೆ, ಕಡಲಹಕ್ಕಿಗಳ ಮಾಂಸವು ಒಣಗಿ ಚಳಿಗಾಲಕ್ಕೆ ಆಹಾರವಾಗುತ್ತಿತ್ತು.

1930ರ ಆಗಸ್ಟ್ 29ರಂದು, ಬದುಕು ದುಸ್ತರವಾಗಿ, ಉಳಿದಿದ್ದ 36 ಮಂದಿ ತಮ್ಮ ಬೇಡಿಕೆಯಂತೆಯೇ ಹಡಗನ್ನೇರಿ ದ್ವೀಪವನ್ನು ತೊರೆದರು. ಮನೆಮನೆಯಲ್ಲಿಯೂ ತೆರೆದ ಬೈಬಲನ್ನೂ ಹಿಡಿಯಷ್ಟು ಧಾನ್ಯವನ್ನೂ ಇರಿಸಿ ಹೋದರೆಂದು ಹೇಳುತ್ತಾರೆ. ಹಾಗೆ ಹೊರಟವರಲ್ಲಿ ಕೊನೆಯವರು 2016ರಲ್ಲಿ ತೀರಿಕೊಂಡರು. 1957ರಿಂದ ಆ ಕಲ್ಲುಗಳನ್ನು ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟ್ ಸಂಸ್ಥೆಯು ಕಾಪಾಡುತ್ತಿದೆ. ಆದರೆ ಕಲ್ಲನ್ನು ಹೆಸರು ಹಿಡಿದು ಕರೆಯುವ ನಾಲಗೆಯನ್ನು ಯಾವ ಸಂಸ್ಥೆ ತಾನೇ ಕಾಪಾಡೀತು? ಊರು ಯಾವುದಾದರೂ ಆಗಲಿ, ಹೆಸರುಗಳ ಅರ್ಥವನ್ನು ಬಲ್ಲ ಹಿರಿಯರಿರುವಾಗಲೇ ಕೇಳಿ ಬರೆದಿಡುವುದು ಲೇಸು.